ಗೂಟ ಅಲ್ಲ, ಗಿಡ

ಸಗಣಿ ತೆಳುವಾಯಿತು, ಜಾರುತ್ತಿದೆ, ಇನ್ನೊಂದು ಹಿಡಿ ಮಣ್ಣು ಕಲಸಬೇಕು ಎಂದುಕೊಳ್ಳುತ್ತ ಮುಕ್ತಾಬಾಯಿ ನೆಟ್ಟರೆ ಚಿಗುರುವ ಪಾಂಗರದ ಟೊಂಗೆಯ ತಲೆಗೆ, ತುದಿ ಒಣಗದಿರಲೆಂದು, ಟೋಪಿಯ ಹಾಗೆ ಮೆತ್ತಿದಳು, ಕಡಿದದ್ದು ತಲೆ ಸಪಾಟು, ಬುಡ ಓರೆ, ಕಣ್ಣು ಮುಚ್ಚಿ ಹಿಡಿದರೂ ಯಾವುದು ಮೇಲು ಯಾವುದು ಕೆಳಗು ಕೈಗೆ ಗೊತ್ತಾಗಬೇಕು — ಮುಳ್ಳು ಚುಚ್ಚಿತು, ಚುಚ್ಚಲಿ, ಬೇಲಿಯ ಸಂದು ಇವತ್ತು ಮುಚ್ಚಲೇಬೇಕು, ಈ ಎಲೆ ಎಂದರೆ ಆಡುಗಳಿಗೆ ಪ್ರಾಣ, ತಂಗಿ ದ್ರೌಪತಿಯ ಎರಡು ಆಡುಗಳಿಗೂ ಪ್ರಾಣವೇ, ಗಂಡ ಸತ್ತ ಮೇಲೆ ಬಸವಕಲ್ಯಾಣದ ಆ ಮನೆಯಲ್ಲಿ ತನ್ನವು ಅನ್ನಲು ಅವಳಿಗೆ ಉಳಿದದ್ದು ಅವೆರಡೇ, ಮೈದುನ ದೇವಿದಾಸ ಉಣ್ಣಲು ಕೂತಾಗೆಲ್ಲ ಅದನ್ನೇ ಎತ್ತುತ್ತಾನಂತೆ, ವೈನಿ, ನಿಮ್ಮ ಆಡು ನಮ್ಮ ತೊಗರಿ ಮೇದು ಮುಗಸಾಕತ್ತಾವ, ರಾಶಿ ಆದ ಮ್ಯಾಲ ಕಟುಗರಿಗೆ ಕೊಟ್ಟುಬಿಡ್ತೀನಿ ನೋಡ್ರಿ. ಕೊಟ್ಟರೆ ಮುಗಿಯಿತು, ಬರಿಗೈಯವಳು ಅವರ ಮುಸುರೆ ತಿಕ್ಕುತ್ತಲೇ ಮುದುಕಿಯಾಗುತ್ತಾಳೆ. ಅಕ್ಕಾ, ನಾ ಬಂದುಬಿಡ್ಲೇನು, ಆಡೂ ತರ್ತೀನಿ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಳು ದ್ರೌಪತಿ, ಹಿಂದೆ ಮುಕ್ತಾಬಾಯಿ ಊರಿಗೆ ಮರಳಿದ ದಿನ, ಹುಮನಾಬಾದಿನ ಬಸ್ಸು ಗುರುಗುಡುತ್ತಿತ್ತು, ಮುಕ್ತಾಬಾಯಿ ಒಳಗೆ, ಅವಳು ಕೆಳಗೆ, ಕಿಟಕಿಯ ಸರಳು ಹಿಡಿದ ಕೈ, ಮೇವು ಎಲ್ಲೈತೆವ್ವಾ, ಮೊದಲ ನನ್ನ ಬೇಲಿ ಬೇರು ಹಿಡೀಲಿ, ಕಾಗದ ಹಾಕ್ತೀನಿ ಎಂದಿದ್ದಳು ತಾನು — ಬಸ್ಸು ಹೊರಟಿತು, ಕೈ ಸರಳು ಬಿಡಲಿಲ್ಲ, ಏ ಬಾಯಿ, ಕೈ ಬಿಡ್ರಿ, ಗಾಲಿಗೆ ಬೀಳ್ತೀರಿ ಎಂದು ಕಂಡಕ್ಟರ್ ಕೂಗಿದ.

ಹೋದ ವರ್ಷ ಬೇಲಿ ಹಸಿರಾಗಿತ್ತು, ಕಡ್ಡಿ ಕಡ್ಡಿಗೂ ಎಲೆ, ಅಂದೇ ಬರೆದಳು, ಬಾ ಎಂದು, ಕಾಗದಕ್ಕೆ ಅಂಟು ಹಚ್ಚುವುದರೊಳಗೆ ಎಲೆ ಸೊರಗಿದವು, ಕಿತ್ತು ನೋಡಿದರೆ ಬುಡ ಕೊಳೆತು ಕಪ್ಪಾಗಿದೆ, ಒಂದೂ ಬೇರಿಲ್ಲ, ಟೊಂಗೆ ತನ್ನೊಳಗಿನ ಹಳೆಯ ರಸವನ್ನೇ ಉಂಡು ಚಿಗುರಿತ್ತು, ಕಾಗದ ಗಡಿಗೆಯ ಹಿಂದೆ ಹೋಯಿತು. ಅವಸರ, ಕಡಿದ ದಿನವೇ ನೆಟ್ಟರೆ ಮತ್ತೇನಾಗುತ್ತದೆ, ಈ ಸಲ ಟೊಂಗೆಗಳನ್ನು ನೆರಳಿಗೆ ಒರಗಿಸಿ, ಗಾಯ ಒಣಗಿಸಿ, ಆಮೇಲೆ ಹೂಳಿದ್ದಾಳೆ, ಬೇಲಿಗೆ ಆಡು ಕಟ್ಟಬ್ಯಾಡ್ರಿ, ಅಳ್ಳಾಡಿಸಬ್ಯಾಡ್ರಿ ಎಂದು ತನ್ನೂರು ಘಾಟಬೋರಾಳಕ್ಕೆಲ್ಲ ಸಾರಿದ್ದಾಳೆ, ಮಳೆಗಾಲ ಪೂರ್ತಿ ಹಸಿರಿದೆ, ಬೇರು ಹಿಡಿದಿದೆ, ಹಿಡಿದೇ ಇರಬೇಕು, ಆದರೂ ಎಲೆಯ ಮಾತು ನಂಬಿ ತಂಗಿಯನ್ನು ಕರೆಸುವುದು ಹೇಗೆ — ಅಗೋ, ಏನದು, ಪಕ್ಕದ ಹೊಲದ ಲಾಲಪ್ಪ ಎಮ್ಮೆಯ ಕರುವನ್ನು ಬೇಲಿಗೇ ಕಟ್ಟುತ್ತಿದ್ದಾನೆ, ಏ ಮೂಳಾ, ಬಿಚ್ಚೋ, ಗೂಟ ಅಲ್ಲ ಅದು, ಗಿಡ! ಎಲಿ ಬಂದು ಎಷ್ಟು ದಿನ ಆತು ಬೇ ಅಕ್ಕಾ, ಇನ್ನೇನು ತೊಟ್ಟಿಲದಾಗ ಹಾಕಿ ತೂಗಾಕಿದ್ದೀಯೇನು ಎಂದ ಲಾಲಪ್ಪ. ಅವಳ ಕೂಗಿಗೇ ಬೆದರಿತು ಕರು, ಒದ್ದಾಡಿತು, ಜಗ್ಗಿತು, ಹಗ್ಗ ಬಿಗಿದು ಎಲೆಗಳೆಲ್ಲ ನಡುಗಿದವು, ಮುಕ್ತಾಬಾಯಿ ಕಣ್ಣು ಮುಚ್ಚಿದಳು, ಹೋಯಿತು, ಎಲ್ಲ ಹೋಯಿತು — ಪಟ್ — ಹರಿದದ್ದು ಹಗ್ಗ. ಕರು ತೊಗರಿಯೊಳಗೆ ಓಡುತ್ತಿದೆ, ಧೋತರ ಎತ್ತಿಕೊಂಡು ಲಾಲಪ್ಪ ಹಿಂದೆ, ಗಿಡ ಇದ್ದಲ್ಲೇ ಇದೆ, ಬುಡದ ಮಣ್ಣು ಒಂದು ಕೂದಲೆಳೆಯಷ್ಟೂ ಬಿರಿದಿಲ್ಲ. ಗೊತ್ತಿತ್ತು, ಗೊತ್ತೇ ಇತ್ತು ತನಗೆ.

ತೊಗರಿ ಇನ್ನೂ ಹೂವಿನಲ್ಲಿದೆ, ರಾಶಿಗೆ ದಿನಗಳಿವೆ, ದೇವಿದಾಸ ಬಾಯಿ ಬಡಿದುಕೊಳ್ಳಲಿ, ಕೈಯ ಸಗಣಿ ಸೆರಗಿಗೆ, ಗಡಿಗೆಯ ಹಿಂದಿನ ಕಾಗದಕ್ಕೆ ಇನ್ನೊಂದು ಸಾಲು, ಆಡು ಹೊಡೆದುಕೊಂಡೇ ಬಾ, ಅಂಟು, ಶಾಲೆಯ ಗೋಡೆ, ಕೆಂಪು ಟಪಾಲು ಡಬ್ಬಿ, ಕಾಗದ ಜಾರಿತು, ತಳಕ್ಕೆ ಬಿದ್ದ ಸದ್ದೂ ಕೇಳಿತು, ಹುಮನಾಬಾದಿಗೆ ಹೋಗುತ್ತದೆ, ಅಲ್ಲಿಂದ ಬಸವಕಲ್ಯಾಣಕ್ಕೆ, ಅವಳ ಕೈಗೆ, ಆ ಕೈ, ಕಿಟಕಿಯ ಸರಳು, ಬಸ್ಸಿನ ಜೊತೆ ಓಡುತ್ತಿರುವ ಕೈ, ಬಿಡದ ಕೈ —