ಹಕ್ಕಲಿಗೆ ಬಿಟ್ಟ ಸಾಲು

ಹುಲಿಕುಂಟೆಯ ಮಕ್ಕಳೆಲ್ಲ ಶಾಲೆಯ ಅಂಗಳದಲ್ಲಿ ನಿಂತು ನಾಡಗೀತೆ ಹೇಳುವ ಹೊತ್ತಿಗೆ ಭವ್ಯ ತನ್ನ ಮನೆಯ ಚಾಪೆಯ ಮೇಲೆ ಒಬ್ಬಳೇ ಕೂತು ಜಪಾನಿಗೆ ಹೋಗುತ್ತಿದ್ದಳು. ಅವಳಿಗೆ ಪಾಠ ಹೇಳುವವಳು ಅಮ್ಮ ಲೋಹಿತಾ. ಆ ತರಗತಿಯಲ್ಲಿ ಮೊದಲ ಸ್ಥಾನವೂ ಭವ್ಯಳದೇ, ಕೊನೆಯ ಸ್ಥಾನವೂ ಅವಳದೇ.

ಪುಸ್ತಕಗಳನ್ನು ಶಿರಾದ ಪ್ರಾರ್ಥನಾ ಮಂದಿರದವರು ತರಿಸಿಕೊಟ್ಟಿದ್ದರು. ತಿಂಗಳಿಗೊಂದು ಬೈಬಲ್ ಕಥೆ, ಅದರ ಜೊತೆಗೊಂದು ದೇಶ. ನೋಹನ ಹಡಗಿನ ಜೊತೆ ಹಾಲೆಂಡ್ ಬಂದಾಗ ತಾಯಿ ಮಗಳು ಕಾಗದದ ದೋಣಿ ಮಾಡಿ ಬೋಸಿಯ ನೀರಲ್ಲಿ ತೇಲಿಬಿಟ್ಟಿದ್ದರು. ಈ ತಿಂಗಳು ರೂತಳ ಕಥೆ, ಜಪಾನ್ ದೇಶ. ಗಂಡ ಸತ್ತ ಮೇಲೂ ಅತ್ತೆಯ ಕೈಬಿಡದೆ ಅವಳ ಹಿಂದೆಯೇ ಹೊರಟ ಸೊಸೆ ರೂತ್. ಪರರ ಹೊಲದಲ್ಲಿ ಕೊಯ್ಲಾದ ಮೇಲೆ ಉಳಿದ ಹಕ್ಕಲಾಯ್ದು ಅತ್ತೆಗೆ ಅನ್ನ ಹಾಕಿದವಳು. ಜಪಾನಿನವರೂ ಹಿರಿಯರಿಗೆ ಬಹಳ ಮರ್ಯಾದೆ ಕೊಡುತ್ತಾರೆ, ಸೊಂಟ ಬಗ್ಗಿಸಿ ನಮಸ್ಕರಿಸುತ್ತಾರೆ ಎಂದು ಪುಸ್ತಕ ಹೇಳುತ್ತಿತ್ತು. ಭವ್ಯ ಕೈಗಳನ್ನು ತೊಡೆಗೆ ಅಂಟಿಸಿಕೊಂಡು ಗೋಡೆಗೆ ಬಗ್ಗಿದಳು, ಬಾಗಿಲಿಗೆ ಬಗ್ಗಿದಳು, ಕಿಟಕಿಯಲ್ಲಿ ಕೂತ ಬೆಕ್ಕಿಗೂ ಬಗ್ಗಿದಳು. ನಮಸ್ಕಾರ ಮಾಡಿಸಿಕೊಳ್ಳಲು ಆ ಮನೆಗೆ ಬರುವವರು ಬೇರೆ ಯಾರಿದ್ದರು?

"ಅಮ್ಮಾ, ರೂತ್ ಅತ್ತೆ ಜೊತೆ ಹೋದ್ಲಲ್ಲ. ನೀನ್ಯಾಕೆ ಅಜ್ಜಿ ಜೊತೆ ಇರ್ಲಿಲ್ಲ?"

"ಆ ಅತ್ತೆ ಬೇರೆ, ಈ ಅತ್ತೆ ಬೇರೆ. ಸ್ಪೆಲಿಂಗ್ ಬರಿ," ಎಂದಳು ಲೋಹಿತಾ.

ಆ ಅಜ್ಜಿ, ಸರ್ವಮಂಗಳಮ್ಮ, ಇದ್ದದ್ದು ಹಿಂದಿನ ಬೀದಿಯಲ್ಲೇ. ಲೋಹಿತಾಳ ಗಂಡ ಪ್ರಸನ್ನಕುಮಾರ್ ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೆಂಟರೆಲ್ಲ ಒಂದು ಸಲ ಮುಖ ತೋರಿಸಿ ಬಸ್ಸು ಹತ್ತಿದ್ದರು. ಕೊನೆಯವರೆಗೂ ಪಕ್ಕದಲ್ಲಿ ಕೂತವರು ಪ್ರಾರ್ಥನೆಯವರು. ಅವನು ಹೋದ ಮೇಲೆ ಲೋಹಿತಾ ಅವರ ದೇವರನ್ನೇ ಹಿಡಿದಳು, ಹಣೆಗೆ ವಿಭೂತಿ ಹಚ್ಚುವುದನ್ನು ಬಿಟ್ಟಳು. ವಿಭೂತಿ ಇಲ್ಲದ ಹಣೆ ತನ್ನ ಹೊಸ್ತಿಲು ದಾಟಬಾರದು ಎಂದರು ಅತ್ತೆ. ದಾಟುವುದಿಲ್ಲ ಎಂದಳು ಸೊಸೆ. ಇಬ್ಬರೂ ಮಾತಿಗೆ ತಪ್ಪುವವರಲ್ಲ, ಅದೇ ಬಂದ ತೊಂದರೆ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಶಾಲೆ ಬಿಡಿಸಿದ್ದಕ್ಕೂ ಲೋಹಿತಾ ಒಂದು ಕಾರಣ ಇಟ್ಟುಕೊಂಡಿದ್ದಳು. ಶಾರದಾ ಪೂಜೆಯಲ್ಲಿ ಕೈ ಮುಗಿಯದ ಭವ್ಯಳನ್ನು ಮಕ್ಕಳು ಆಡಿಕೊಂಡಿದ್ದು ನಿಜ. ಆದರೆ ಆಡಿಕೊಂಡ ಮಕ್ಕಳು ವಾರದೊಳಗೆ ಅದನ್ನು ಮರೆತು ಆಟಕ್ಕೆ ಕರೆಯಲು ಬಂದಿದ್ದರು. ಬಾಗಿಲಲ್ಲೇ ನಿಲ್ಲಿಸಿ ಕಳಿಸಿದವಳು ಲೋಹಿತಾ. ಮಗಳು ಶಾಲೆಗೆ ಹೋದ ಮೇಲೆ ಆ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟು ಇನ್ನೇನೂ ಇರುತ್ತಿರಲಿಲ್ಲ. ಅದನ್ನು ತಾಳಲಾರದೆ ಮಗುವನ್ನು ಮನೆಯಲ್ಲಿಟ್ಟುಕೊಂಡೆ ಎಂದು ಅವಳು ಯಾರ ಮುಂದೆಯೂ ಹೇಳಿರಲಿಲ್ಲ, ಪ್ರಾರ್ಥನೆಯಲ್ಲೂ ಹೇಳಿರಲಿಲ್ಲ.

ಅಂದು ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬಂದರೆ ಚಾಪೆ ಖಾಲಿ. ಹಿತ್ತಲಲ್ಲಿಲ್ಲ, ಬೀದಿಯಲ್ಲಿಲ್ಲ. ಎದುರು ಮನೆ ಜಗುಲಿಯಲ್ಲಿ ಬೀಡಿ ಸೇದುತ್ತಿದ್ದ ಓಬಳಯ್ಯ ತಾನಾಗಿಯೇ ಹೇಳಿದ: "ಕೂಸು ನಿಮ್ಮತ್ತೆ ಹೊಲದ ಕಡೀಕ್ ಹೋಯ್ತು ಕಣಮ್ಮ. ಕಡ್ಲೆಕಾಯಿ ಕಿತ್ತಾಯ್ತಲ್ಲ, ಹಕ್ಕಲಿಗೆ ಬುಟ್ಟವ್ರೆ."

ಗಿಡ ಕಿತ್ತು ಕಾಯಿ ಮನೆಗೆ ಸಾಗಿಸಿದ ಮೇಲೆ ಮಣ್ಣಿನಲ್ಲಿ ಉಳಿದದ್ದು ಆಯುವವರದು. ಆದರೆ ಹೊಲದವರು ಬಾಯಿಬಿಟ್ಟು ಹೇಳುವವರೆಗೆ ಯಾರೂ ಬದು ದಾಟುವಂತಿಲ್ಲ. ರೂತಳ ಪಾಠದಲ್ಲಿ ಮಗಳಿಗೆ ಹಕ್ಕಲೆಂದರೆ ಏನೆಂದು ವಿವರಿಸಿದವಳು ತಾನೇ ಎಂಬುದು ಲೋಹಿತಾಳಿಗೆ ನೆನಪಾಯಿತು.

ಅವಳು ಬದುವಿನ ಹುಣಸೆಮರದ ಮರೆಯಲ್ಲಿ ನಿಂತಳು. ಹೊಲದ ತುಂಬ ಹೆಂಗಸರು ಚಿಕ್ಕ ಗುದ್ದಲಿ ಹಿಡಿದು ಬಗ್ಗಿದ್ದರು. ಭವ್ಯ ಅಜ್ಜಿಯ ಮುಂದೆ ನೆಟ್ಟಗೆ ನಿಂತಿದ್ದಳು. ನಿಂತವಳು ತೊಡೆಗೆ ಕೈ ಅಂಟಿಸಿ ಸೊಂಟ ಬಗ್ಗಿಸಿದಳು, ಬಗ್ಗಿದವಳು ಏಳಲಿಲ್ಲ.

"ಹೊಟ್ಟೆ ನೋವೇನೆ ಕೂಸೆ?" ಸರ್ವಮಂಗಳಮ್ಮ ಗಾಬರಿಯಾದರು.

"ಅಲ್ಲಜ್ಜಿ. ಇದು ಜಪಾನಿನ ನಮಸ್ಕಾರ. ಯಾರ ಕಾಲಿಗೂ ಬೀಳಬಾರ್ದು ಅಂದವ್ಳೆ ಅಮ್ಮ. ಇದಾದ್ರೆ ಪರವಾಗಿಲ್ಲ."

ಹೆಂಗಸರು ಕಿಸಕ್ಕನೆ ನಕ್ಕರು. ಅಜ್ಜಿ ನಗಲಿಲ್ಲ. ಮರದ ಹಿಂದೆ ಲೋಹಿತಾಳಿಗೆ ನಾಚಿಕೆಯಾಯಿತು. ಕಾಣದ ದೇಶದ ಹಿರಿಯರಿಗೆ ಬಗ್ಗುವುದನ್ನು ಕಲಿಸಿದ್ದೆ, ಹಿಂದಿನ ಬೀದಿಯ ಅಜ್ಜಿಗೆ ಏನೂ ಉಳಿಸಿರಲಿಲ್ಲ ಎನಿಸಿತು. ಉಳಿಸದಿದ್ದರೂ ಮಗು ತಾನೇ ಒಂದು ದಾರಿ ಮಾಡಿಕೊಂಡು ಬಂದಿತ್ತು.

"ನನ್ ಸೊಂಟ ಹೆಂಗೂ ಬಗ್ಗೇ ಐತೆ. ನಾನೂ ನಿಂಗೆ ಮಾಡ್ದಂಗಾಯ್ತು ಬುಡು," ಎಂದರು ಸರ್ವಮಂಗಳಮ್ಮ. ಆಮೇಲೆ ತಿರುಗಿ, "ಲೇ ದಾಸಮ್ಮ, ಬದುವಿನ ಮಗ್ಗುಲಿನ ಎರಡು ಸಾಲಿಗೆ ಯಾರೂ ಕೈ ಹಾಕ್ಬ್ಯಾಡಿ," ಎಂದು ಕೂಗಿ ಹೇಳಿದರು.

"ಎರಡ್ಯಾಕಜ್ಜಿ?"

"ಒಂದು ನಿಂಗೆ," ಎಂದರು ಅಜ್ಜಿ. ಇನ್ನೊಂದರ ಮಾತೆತ್ತಲಿಲ್ಲ.

ಮೊಮ್ಮಗಳು ಮುಂದೆ ಮುಂದೆ ಕೆದಕುತ್ತ ಹೋದಳು. ಅವಳು ಆ ಕಡೆ ತಿರುಗಿದಾಗ ಮುದುಕಿ ತನ್ನ ಮಡಿಲಿಂದ ಒಂದು ಹಿಡಿ ಕಾಯಿ ತೆಗೆದು ಅವಳ ಸಾಲಿನಲ್ಲಿ ಇನ್ನೂ ಕೆದಕದ ಕಡೆ ಉದುರಿಸಿ, ಮೇಲೆ ಕಾಲಿಂದ ಮಣ್ಣು ಸರಿಸಿದರು. ರೂತ್ ಹಕ್ಕಲಾಯುವಾಗ ಆ ಹೊಲದ ಯಜಮಾನನೂ ಬೇಕೆಂದೇ ಆಳುಗಳಿಂದ ತೆನೆ ಉದುರಿಸಿದ್ದ. ಹಿಂದಿನ ದಿನವಷ್ಟೇ ಲೋಹಿತಾ ಅದನ್ನು ಪಾಠ ಮಾಡಿದ್ದಳು. ಸರ್ವಮಂಗಳಮ್ಮ ಆ ಪುಸ್ತಕವನ್ನು ಕೈಯಲ್ಲೂ ಮುಟ್ಟಿದವರಲ್ಲ.

ಲೋಹಿತಾ ಮರದ ಮರೆಯಿಂದ ಈಚೆ ಬಂದಳು. ಅಜ್ಜಿ ಅವಳ ಕಡೆ ನೋಡದೆ ಮೊಮ್ಮಗಳಿಗೆ ಹೇಳಿದರು: "ನಿಮ್ಮವ್ವಂಗೆ ಹೇಳು, ಸೋಮವಾರದಿಂದ ಇಸ್ಕೂಲಿಗೆ ಕಳಿಸ್ಲಿ. ಅವಳ ದೇವ್ರು ಅವಳಿಗಿರ್ಲಿ, ನಾನೇನು ಕಿತ್ಕಳಲ್ಲ. ಮಕ್ಕಳ ಜೊತೆ ಬೆರೀದಿದ್ರೆ ಮಗ ಹೆಂಗಾದೀತು?"

ಹೇಳಬೇಕೆಂದು ಲೋಹಿತಾ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳು ಬೇರೆ. ಬಾಯಿಗೆ ಬಂದದ್ದು ಬೇರೆ. "ಇವಳು ಹೋದ್ರೆ ಮನೇಲಿ ನಾನೊಬ್ಳೇ ಆಗ್ತೀನತ್ತೆ."

ಸರ್ವಮಂಗಳಮ್ಮ ಆಗ ಅವಳ ಮುಖ ನೋಡಿದರು. "ನಾನಿಲ್ವಾ, ಒಬ್ಳೇ," ಎಂದರು. ಸೆರಗು ಕೊಡವಿಕೊಂಡು ದಾಸಮ್ಮನ ಕಡೆ ಹೊರಟುಹೋದರು.

ಸೋಮವಾರ ಭವ್ಯ ಬ್ಯಾಗು ಹೊತ್ತು ಶಾಲೆಗೆ ಹೋದಳು. ಬಾಗಿಲಲ್ಲಿ ಜಪಾನಿನ ನಮಸ್ಕಾರ ಮಾಡಿ, ಮೂಲೆ ತಿರುಗುವವರೆಗೂ ಹಿಂದೆ ನೋಡದೆ ಓಡಿದಳು. ಲೋಹಿತಾ ಒಳಗೆ ಬಂದು ಚಾಪೆ ಸುತ್ತಿದಳು. ಗಡಿಯಾರ ತನ್ನ ಸದ್ದು ಶುರುಮಾಡಿತು. ಅಳು ಬಂತು, ಅತ್ತಳು. ಒಲೆಯ ಮುಂದೆ ಕೂತಳು, ಎದ್ದಳು. ಕೊನೆಗೆ ಬಾಗಿಲಿಗೆ ಬೀಗ ಹಾಕಿ, ಓಬಳಯ್ಯನ ಮನೆಯಿಂದ ಒಂದು ಚಿಕ್ಕ ಗುದ್ದಲಿ ಕೇಳಿ ಇಸಿದುಕೊಂಡಳು.

ಹೊಲದಲ್ಲಿ ಯಾರೂ ಇರಲಿಲ್ಲ. ಆಯ್ದವರು ಇಡೀ ಹೊಲವನ್ನು ಕೆದಕಿ ಮುಗಿಸಿದ್ದರು. ಬದುವಿನ ಪಕ್ಕ ಭವ್ಯಳ ಸಾಲೂ ಮುಗಿದಿತ್ತು. ಅದರ ಮಗ್ಗುಲಿನ ಸಾಲನ್ನು ಮಾತ್ರ ಒಂದು ಕೋಳಿಯೂ ಮುಟ್ಟಿರಲಿಲ್ಲ. ಅದು ಯಾರಿಗಾಗಿ ಉಳಿದಿದೆ ಎಂದು ಲೋಹಿತಾಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು.