ಎರಡನೇ ಲೈನು

"ಕ್ಯಾಮೆರಾ ಕೆಳಗಿಡಮ್ಮಾ! ನಿಮಗೇ ಹೇಳ್ತಿರೋದು!"

ಕೂಗು ಬೀದಿಯಿಂದ ಬಂತು. ಅವಳು ತಿರುಗಿಯೂ ನೋಡಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹತ್ತುವ ಮೆಟ್ಟಿಲ ಕಿಟಕಿಯಲ್ಲಿ ಮೊಣಕೈ ಊರಿ, ಉಸಿರು ಬಿಗಿಹಿಡಿದು, ಇನ್ನೂ ಮೂರು ಸಲ ಗುಂಡಿ ಒತ್ತಿದಳು. ಕಾಂಪೌಂಡ್ ಗೋಡೆಯಾಚೆ, ನಾಲ್ಕನೇ ಲೈನಿನ ಪಕ್ಕದಲ್ಲಿ ಅಪ್ಪ ಹಸಿರು ಬಾವುಟ ಎತ್ತಿ ಎಂಜಿನ್ನನ್ನು ಕರೆಯುತ್ತಿದ್ದ. ಮುಖ ಪೂರ್ತಿ ಈ ಕಡೆಗಿತ್ತು. ಎಂಟು ಗಂಟೆಯ ಬಿಸಿಲು ಹಣೆಯಿಂದ ಗಲ್ಲದವರೆಗೆ ನೇರವಾಗಿ ಬಿದ್ದಿತ್ತು. ಅಂತೂ ಸಿಕ್ಕಿದೆಯಲ್ಲ ಮಹಾರಾಯ ಎಂದುಕೊಂಡಳು.

ಅಪ್ಪ ರೈಲ್ವೆ ಯಾರ್ಡಿನಲ್ಲಿ ಶಂಟಿಂಗ್ ಮಾಸ್ಟರ್. ಬಂದ ವ್ಯಾಗನ್ನುಗಳನ್ನು ಬಿಡಿಸಿ, ಬೇಕಾದ ಲೈನಿಗೆ ಸಾಗಿಸಿ, ಮತ್ತೆ ಜೋಡಿಸುವುದು ಅವನ ಕೆಲಸ. ಎಂಜಿನ್ ಎಷ್ಟೇ ದೊಡ್ಡದಿರಲಿ, ಅವನ ಕೈಯ ಬಾವುಟ ಆಡಿದರೆ ಮಾತ್ರ ಅದು ಅಲುಗಬೇಕು. ಮೂವತ್ತನಾಲ್ಕು ವರ್ಷ ಹೀಗೆ ಕಳೆದಿದ್ದವು. ನಾಳೆ ಕೊನೆಯ ದಿನ. ಮಗಳದು ಬಸ್‌ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ. ಊರಿನ ಅರ್ಧ ಜನ ಅವಳ ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತು, ಕಣ್ಣು ಮಿಟುಕಿಸಿ ಬೈಸಿಕೊಂಡು ಹೋಗಿದ್ದಾರೆ. ಆದರೆ ಅಪ್ಪ ಕೆಲಸ ಮಾಡುತ್ತಿರುವ ಒಂದೇ ಒಂದು ಫೋಟೋ ಮನೆಯಲ್ಲಿರಲಿಲ್ಲ.

ಅದನ್ನು ನೆನಪಿಸಿದವಳು ಅಮ್ಮ. ಬಟ್ಟೆ ಮಡಿಸುತ್ತಾ, ಅಪ್ಪನ ಅಂಗಿಯ ಗ್ರೀಸಿನ ಕಲೆಯನ್ನು ಉಗುರಿನಿಂದ ಕೆರೆಯುತ್ತಾ ಹೇಳಿದ್ದಳು: "ನಿಮ್ಮಪ್ಪ ಮನೆಯಿಂದ ಹೋಗೋದು ನೋಡಿದೀನಿ, ಮನೆಗೆ ಬರೋದು ನೋಡಿದೀನಿ. ಮಧ್ಯದ್ದು ನಂಗೊತ್ತಿಲ್ಲ ಕಣೇ." ಗೊಣಗಾಟವೇನೂ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಮಗಳಿಗೆ ಅದು ಚುರುಕ್ಕೆಂದಿತು. ಮಾರನೆಯ ದಿನವೇ ಯಾರ್ಡಿನ ಆಫೀಸಿಗೆ ಅರ್ಜಿ ಕೊಟ್ಟಳು. ಅರ್ಜಿ ಮೇಲಕ್ಕೆ ಹೋಗಿದೆ ಎಂದರು. ಎರಡು ತಿಂಗಳಾದರೂ ಅದಕ್ಕೆ ಕೆಳಗಿಳಿಯುವ ಮನಸ್ಸಾಗಿರಲಿಲ್ಲ.

ಅಪ್ಪನನ್ನು ಕೇಳಿಯೂ ಆಗಿತ್ತು. "ಬೋರ್ಡು ಓದಿಲ್ವಾ? ಒಳಗೆ ಬರಬಾರದು, ಫೋಟೋ ತೆಗೀಬಾರದು. ನೀನು ಒಳಗೆ ಕಾಲಿಟ್ರೆ ಮೊದಲು ಹಿಡ್ಕೊಡೋನು ನಾನೇ" ಎಂದಿದ್ದ. ತಮಾಷೆಗೆ ಹೇಳುವ ಗಿರಾಕಿಯಲ್ಲ. ಯಾರ್ಡಿನಲ್ಲಿ ಅವನ ಅಡ್ಡಹೆಸರೇ ರೂಲ್‌ಬುಕ್. ಹೊರಗಿನಿಂದ ತೆಗೆಯೋಣವೆಂದರೆ ಬೇಲಿಯ ಬಲೆ ಅಡ್ಡ. ಬಲೆಯಲ್ಲಿ ಕಿಂಡಿ ಸಿಕ್ಕ ಕಡೆಯೆಲ್ಲ ಅಪ್ಪನ ಬೆನ್ನೇ ಕಾಣುತ್ತಿತ್ತು. ಎಂಜಿನ್ ಎಲ್ಲಿದೆಯೋ ಅತ್ತ ಅವನ ಮುಖ. ಎಂಜಿನ್ನೋ ದಿನವಿಡೀ ಯಾರ್ಡಿನ ಆ ತುದಿಯಲ್ಲೇ ಇರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಖಾಲಿ ವ್ಯಾಗನ್ ಎಳೆಯಲು ಮಾತ್ರ ಈ ತುದಿಗೆ, ರಸ್ತೆ ತಿರುಗುವಲ್ಲಿಗೆ ಬರುತ್ತದೆ. ತಿರುವಿನಲ್ಲಿ ಬೇಲಿಯ ಬದಲು ಗೋಡೆ; ಅದಕ್ಕಿಂತ ಎತ್ತರವಿದ್ದದ್ದು ಹಲ್ಲಿನ ಡಾಕ್ಟರ ಕಟ್ಟಡವೊಂದೇ. ಇಷ್ಟನ್ನು ಕಂಡುಹಿಡಿಯಲು ಅವಳು ಹನ್ನೊಂದು ದಿನ ಬೇಲಿ ಸುತ್ತಿದ್ದಳು. ಮೆಟ್ಟಿಲಲ್ಲಿ ನಿಲ್ಲಲು ಒಪ್ಪಿಗೆ ಕೇಳಲು ಹೋಗಿ, ಸುಮ್ಮನೆ ಕೇಳುವುದು ಹೇಗೆಂದು ಒಂದು ಹಲ್ಲನ್ನೂ ತೋರಿಸಿ ಬಂದಿದ್ದಳು.

ಕೂಗಿದವನು ಯಾರ್ಡಿನ ಗೇಟು ಕಾಯುವ ಗಾರ್ಡು, ದಪ್ಪ ಮೀಸೆಯವನು. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಗಲಾಟೆ ಕೇಳಿ ಡಾಕ್ಟರು ಕೈಗವಸಿನಲ್ಲೇ ಬಾಗಿಲಿಗೆ ಬಂದು, "ಹಲ್ಲುನೋವಿದ್ರೆ ಒಳಗೆ ಬನ್ನಿ, ಇಲ್ಲಾಂದ್ರೆ ಸ್ವಲ್ಪ ಮೆಲ್ಲಗೆ ಮಾತಾಡಿ. ಒಳಗೊಬ್ರು ಬಾಯಿ ತೆಗೆದು ಕೂತಿದಾರೆ" ಎಂದು ಹೇಳಿ ಹೋದರು.

"ಯಾರ್ಡಿನ ಫೋಟೋ ತೆಗೆಯೋ ಹಾಗಿಲ್ಲ. ಎಲ್ಲಾ ಅಳಿಸಿ," ಎಂದ ಗಾರ್ಡು.

"ಯಾರ್ಡಿನ ಒಳಗೆ ತೆಗೆಯೋ ಹಾಗಿಲ್ಲ. ನಾನು ಒಳಗಿಲ್ವಲ್ಲ."

"ಅದೆಲ್ಲ ನಂಗೊತ್ತಿಲ್ಲ."

"ಗೊತ್ತಿರೋರನ್ನ ಕರ್ಕೊಂಡು ಬನ್ನಿ. ಅಲ್ಲೀವರೆಗೂ ಅಳಿಸಲ್ಲ."

ಗಾರ್ಡು ಮೀಸೆ ನೀವಿಕೊಂಡು ಯೋಚಿಸಿದ. ಅವನ ಮುಖ ಅರಳಿತು. "ಇರಿ, ನಮ್ಮ ರೂಲ್‌ಬುಕ್ಕನ್ನೇ ಕರೀತೀನಿ. ಅವ್ರು ಹೇಳಿದ್ಮೇಲೆ ಮುಗೀತು."

ಈ ಗಾರ್ಡು ಹೊಸಬ. ಯಾರ ಮಗಳು ಯಾರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕಿ ಮೆಟ್ಟಿಲಿಳಿದು ಹೋಗಿಬಿಡಬಹುದಿತ್ತು. ಓಡಿದರೆ ತಪ್ಪು ಮಾಡಿದಂತಾಗುತ್ತದೆ ಎಂದು ಅಲ್ಲೇ ನಿಂತಳು.

ಅರ್ಧ ಗಂಟೆಯ ನಂತರ ಅಪ್ಪ ಬಂದ. ಬಾವುಟಗಳನ್ನು ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ. ಮಗಳನ್ನು ಕಂಡು ಒಂದು ಮೆಟ್ಟಿಲ ಮೇಲೆ ಕಾಲು ತಡೆಯಿತು, ಅಷ್ಟೇ.

"ಎಲ್ಲಿ ನಿಂತು ತೆಗೆದ್ರಿ?" ಎಂದು ಕೇಳಿದ.

ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ತನಗೆ ಬಹುವಚನ ಕೇಳಿರದ ಮಗಳಿಗೆ ನಗು ಬರುವಂತಾಯಿತು. ತಡೆದುಕೊಂಡಳು. "ಇಲ್ಲೇ ಸಾರ್. ಈ ಕಿಟಕಿ."

ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ಗೋಡೆ ನೋಡಿದ, ಗೋಡೆಯ ಬುಡದ ಗಡಿಕಲ್ಲು ನೋಡಿದ, ಮಧ್ಯದ ರಸ್ತೆ ನೋಡಿದ. ಅವಸರವಿಲ್ಲದೆ ನೋಡಿದ. ಆಮೇಲೆ ಗಾರ್ಡಿನ ಕಡೆ ತಿರುಗಿ, "ನಮ್ಮ ಜಾಗ ಆ ಕಲ್ಲಿಗೆ ಮುಗೀತು. ಬೋರ್ಡಿನಲ್ಲಿರೋದು ನಮ್ಮ ಜಾಗದ ಒಳಗಿನ ಮಾತು. ಇವ್ರಿಗೆ ಅಳಿಸಿ ಅನ್ನೋಕೆ ನಮಗೆ ಅಧಿಕಾರ ಇಲ್ಲ. ನೀನು ಗೇಟಿಗೆ ಹೋಗು" ಎಂದ.

ಗಾರ್ಡಿನ ಹೆಜ್ಜೆಯ ಸದ್ದು ಬೀದಿ ಸೇರಿದ ಮೇಲೆ ಅಪ್ಪ ಕೈಚಾಚಿದ. "ಎಲ್ಲಿ, ತೋರಿಸು."

ಅವಳು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅತ್ಯುತ್ತಮವಾದದ್ದನ್ನು ದೊಡ್ಡದು ಮಾಡಿ ಹಿಡಿದಳು. ಅಪ್ಪ ಕನ್ನಡಕ ಹಣೆಗೇರಿಸಿ ಬಾಗಿದ. ಮುಖವನ್ನು ಅವನು ನೋಡಲೇ ಇಲ್ಲ. ಬೆರಳು ಕೆಳಗೆ, ಫೋಟೋದ ತಳಕ್ಕೆ ಹೋಯಿತು.

"ಇದು ನನ್ನ ಕಾಲಾ?"

ಎಡಗಾಲು ಹಳಿ ದಾಟಿ, ಎರಡು ಹಳಿಗಳ ನಡುವೆ ಊರಿತ್ತು. ಎದುರಿನಿಂದ ಎಂಜಿನ್ ಬರುತ್ತಿತ್ತು.

"ಅಳಿಸು," ಎಂದ ಅಪ್ಪ.

"ಅಧಿಕಾರ ಇಲ್ಲ ಅಂತ ಈಗ್ತಾನೆ ನೀನೇ ಹೇಳ್ದೆ."

"ಯಾರ್ಡಿನೋರಿಗಿಲ್ಲ. ನಿನ್ನ ಅಪ್ಪ ಹೇಳ್ತಿದೀನಿ." ಅವನ ದನಿ ಇಳಿದಿತ್ತು. "ಹೀಗೆ ಕಾಲಿಟ್ಟೋನನ್ನ ಆ ದಿನವೇ ಮನೆಗೆ ಕಳಿಸ್ತಿದ್ದೆ ನಾನು. ಒಬ್ಬನ ಕಾಲು ಹೋಗಿದ್ದನ್ನ ಕಣ್ಣಾರೆ ನೋಡಿದೀನಿ. ನಾನೇ ಹೀಗೆ ನಿಂತಿದೀನಿ ಅಂದ್ರೆ… ಎಷ್ಟು ವರ್ಷದಿಂದ ನಿಲ್ತಿದೀನೋ. ಒಬ್ರೂ ಹೇಳಿಲ್ಲ ನೋಡು. ನಂಗೆ ಯಾರು ಹೇಳ್ತಾರೆ?"

"ಮುಖ ಮಾತ್ರ ಇಟ್ಕೊಂಡು ಕೆಳಗಿಂದು ಕತ್ತರಿಸ್ತೀನಿ ಅಪ್ಪ. ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲ. ನಿಮ್ಮಮ್ಮ ಅದನ್ನ ಗೋಡೆ ಮೇಲೆ ನೇತುಹಾಕಿ ದಿನಾ ನೋಡ್ತಾಳೆ. ನಾನೂ ನೋಡ್ಬೇಕು."

"ಉಳಿದಿರೋದು ನಾಳೆ ಒಂದೇ ದಿನ. ಮೋಡ ಆದ್ರೆ? ಮಧ್ಯೆ ಗಾಡಿ ನಿಂತ್ರೆ?"

ನಾಳೆ ಸಿಗುತ್ತದೆ ಎಂದು ಭರವಸೆ ಕೊಡುವ ಜಾಯಮಾನ ಅಪ್ಪನದಲ್ಲ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಏಳು ಫೋಟೋಗಳನ್ನು ಅವನ ಕಣ್ಣೆದುರೇ ಒಂದೊಂದಾಗಿ ಅಳಿಸಿದಳು. ಏಳನೆಯದಕ್ಕೆ ಬೆರಳು ಸ್ವಲ್ಪ ಹೊತ್ತು ಹಟ ಮಾಡಿತು. ಅಪ್ಪ ಕಟಾಂಜನ ಹಿಡಿದು, ಪ್ರತಿ ಮೆಟ್ಟಿಲಿಗೂ ತನ್ನ ಕಾಲನ್ನೇ ನೋಡಿಕೊಳ್ಳುತ್ತಾ ಇಳಿದುಹೋದ.

ಮರುದಿನ ಮೋಡವಿರಲಿಲ್ಲ. ಏಳೂವರೆಗೇ ಕಿಟಕಿಗೆ ಬಂದವಳು ಹೊರಗೆ ನೋಡಿ ಹಣೆ ಚಚ್ಚಿಕೊಂಡಳು. ಎರಡನೇ ಲೈನಿನ ಉದ್ದಕ್ಕೂ ಮುಚ್ಚಿದ ಕೆಂಪು ವ್ಯಾಗನ್ನುಗಳು ನಿಂತಿದ್ದವು. ಅದರಾಚೆ ಮೂರನೆಯ ಲೈನೂ ಇಲ್ಲ, ನಾಲ್ಕನೆಯದೂ ಇಲ್ಲ, ಅಪ್ಪನೂ ಇಲ್ಲ.

ಡಾಕ್ಟರು ಬೀಗದ ಗೊಂಚಲು ಹಿಡಿದು ಬಂದರು. "ನಾಳೆ ತೆಗೆದ್ರಾಯ್ತಲ್ಲ?"

"ನಾಳೆಯಿಂದ ಅಪ್ಪ ಮನೇಲಿರ್ತಾರೆ."

ಡಾಕ್ಟರು ತಾರಸಿಯ ಬಾಗಿಲು ತೆಗೆದುಕೊಟ್ಟರು. ಅವಳು ಮೇಲೆ ಓಡಿ, ನೀರಿನ ಟ್ಯಾಂಕಿನ ಕಟ್ಟೆಯನ್ನೂ ಹತ್ತಿ ನೋಡಿದಳು. ವ್ಯಾಗನ್ನುಗಳ ಮಾಡು ಕಂಡಿತು, ಅವುಗಳ ಆಚೆಯ ನೆಲ ಕಾಣಲಿಲ್ಲ. ಬಿಸಿಲಿಗೆ ಕಣ್ಣು ಕುಕ್ಕಿತು. ಮತ್ತೆ ಕೆಳಗೆ ಕಿಟಕಿಗೇ ಬಂದು ಮೊಣಕೈ ಊರಿದಳು. ಏನಾದರಾಗಲಿ, ಎಂಟು ಹೊಡೆದು ಎಂಜಿನ್ ಹೊರಡುವವರೆಗೂ ಇಲ್ಲಿಂದ ಕದಲುವುದಿಲ್ಲ.

ಎಂಟಕ್ಕೆ ಎಂಜಿನ್ ಈ ತುದಿಗೆ ಬಂತು. ಯಾವ ಲೈನು ಮೊದಲು, ಯಾವುದು ಆಮೇಲೆ ಎನ್ನುವುದು ಶಂಟಿಂಗ್ ಮಾಸ್ಟರನ ತೀರ್ಮಾನ. ಅಪ್ಪನದು ಯಾವತ್ತೂ ನಾಲ್ಕರಿಂದಲೇ ಶುರು. ಹನ್ನೊಂದು ದಿನದಲ್ಲಿ ಒಂದು ದಿನವೂ ಅದು ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ನಾಲ್ಕರತ್ತ ತಿರುಗಬೇಕಿದ್ದ ಎಂಜಿನ್ ನಿಂತಿತು. ಡ್ರೈವರ್ ತಲೆ ಹೊರಹಾಕಿ ಏನೋ ಕೂಗಿ ಕೇಳಿದ. ವ್ಯಾಗನ್ನುಗಳ ಆಚೆಯಿಂದ ಏನು ಉತ್ತರ ಬಂತೋ, ಇಲ್ಲಿಗೆ ಕೇಳಲಿಲ್ಲ. ಎಂಜಿನ್ ಹಿಂದೆ ಸರಿದು, ಮತ್ತೆ ಮುಂದೆ ಬಂದು, ಎರಡನೇ ಲೈನಿನ ವ್ಯಾಗನ್ನುಗಳಿಗೆ ಧಡಕ್ಕನೆ ತಾಗಿತು.

ಕೊಂಡಿ ಬಿಗಿದ ಸದ್ದು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹಾದು ಕೊನೆ ಮುಟ್ಟಿತು. ಇಡೀ ಸಾಲು ಅಲುಗಿ, ಅವಳ ಕಿಟಕಿಯ ಕೆಳಗೇ ಮೆಲ್ಲಗೆ ಹೊರಟಿತು. ಅವಳು ಒಂದು ಕಣ್ಣು ಮುಚ್ಚಿ ಕಾದಳು. ಕೆಂಪು, ಕೆಂಪು, ಮತ್ತೊಂದು ಕೆಂಪು. ಕೊನೆಯ ವ್ಯಾಗನ್ ಜರುಗಿತು.

ಅಲ್ಲಿ ಅಪ್ಪ ನಿಂತಿದ್ದ. ಹಳಿಯಿಂದ ಎರಡು ಮಾರು ದೂರ, ಬರಿಯ ನೆಲದ ಮೇಲೆ, ಅಂಗಿಯ ಕೊರಳಗುಂಡಿಯನ್ನೂ ಹಾಕಿಕೊಂಡು. ಕಿಟಕಿಯತ್ತ ಒಮ್ಮೆಯೂ ನೋಡಲಿಲ್ಲ. ಕಣ್ಣು ಎಂಜಿನ್ನಿನ ಮೇಲಿತ್ತು, ಎತ್ತಿದ ಕೈಯಲ್ಲಿ ಹಸಿರು ಬಾವುಟ ಗಾಳಿಗೆ ಬಿಚ್ಚಿಕೊಂಡಿತ್ತು, ಇಪ್ಪತ್ತೆರಡು ವ್ಯಾಗನ್ನುಗಳು ಆ ಕೈ ನೋಡಿ ನಡೆಯುತ್ತಿದ್ದವು.