ತಪ್ಪು ಹೇಳುವವಳು

ಪಾಠದೊಳಗೆ ಕಲೆಯನ್ನು ಬೆರೆಸಬೇಕು ಎಂದು ಶಿಕ್ಷಕರ ತರಬೇತಿ ಕಾಲೇಜಿನವರು ಹೇಳಿದ ದಿನದಿಂದ ನನ್ನ ಕೈಚೀಲದ ಭಾರ ಇಮ್ಮಡಿಯಾಯಿತು. ಮೊಟ್ಟೆಯ ರಟ್ಟು, ಉಲ್ಲನ್ ದಾರ, ಅರ್ಧ ಒಣಗಿದ ಅಂಟು, ಮುರಿದ ಬಣ್ಣದ ಕಡ್ಡಿಗಳು. ನಲವತ್ತನಾಲ್ಕು ವರ್ಷದ ಹೆಂಗಸು ಇಷ್ಟನ್ನೂ ಹೊತ್ತುಕೊಂಡು ಬೆಳಗಿನ ಬಸ್ಸು ಹತ್ತಿದರೆ ಡ್ರೈವರ್ ಕೂಡ ಪಾಪ ಅನ್ನುವ ಮುಖ ಮಾಡುತ್ತಾನೆ. ಇಪ್ಪತ್ತು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕಿದವಳು ನಾನು. ತರಬೇತಿಯ ಆ ದಿನಗಳಲ್ಲೂ ಮಧ್ಯಾಹ್ನ ಎರಡು ಹೊಡೆದರೆ ಅಲ್ಲೇ ಹಬೆಯ ಮುಂದೆ ನಿಂತಿರುತ್ತಿದ್ದೆ. ಬೆಳಿಗ್ಗೆ ಮಾತ್ರ ಡ್ಯಾನ್ಯೂಬ್ ದಡದ ಶಾಲೆಯೊಂದರ ಮೂರನೇ ತರಗತಿಯಲ್ಲಿ ತರಬೇತಿ ಶಿಕ್ಷಕಿ.

ಮೊದಲ ತಿಂಗಳು ಮಗ್ಗಿಯನ್ನು ಬಣ್ಣದಲ್ಲಿ ಬರೆಸಿದೆ. ಆರು ಲೋಟ ಬಣ್ಣದ ನೀರು ನೆಲಕ್ಕೆ ಬಿತ್ತು. ಶಾಲೆ ಒರೆಸುವವಳು ನನ್ನ ಇಡೀ ವಂಶವನ್ನು ನೆನೆಸಿಕೊಂಡು ಬೈದಳು. ಎರಡನೇ ತಿಂಗಳು ವ್ಯಾಕರಣವನ್ನು ನಾಟಕ ಮಾಡಿಸಿದೆ. ನಾಮಪದವಾದವನೂ ಕ್ರಿಯಾಪದವಾದವನೂ ಕೈ ಕೈ ಮಿಲಾಯಿಸಿ ಒಬ್ಬನ ಹಲ್ಲು ಉದುರಿತು. ಹಾಲು ಹಲ್ಲು, ಹೇಗೂ ಅಲ್ಲಾಡುತ್ತಿತ್ತಂತೆ. ಆದರೂ ಅವನ ತಾಯಿಯ ಮುಂದೆ ಅರ್ಧ ಗಂಟೆ ಕೈಕಟ್ಟಿ ನಿಂತಿದ್ದೆ.

ಕೊನೆಗೆ ಒಂದು ಉಪಾಯ ಮಾತ್ರ ಕೈಹಿಡಿಯಿತು. ನಮ್ಮ ರಚೇನಿತ್ಸಾ ಕುಣಿತಕ್ಕೆ ಏಳು ಪೆಟ್ಟು, ಮೂರು ಹೆಜ್ಜೆ. ಏಳನ್ನು ಮೂರರಿಂದ ಭಾಗಿಸಿದರೆ ಒಂದೊಂದು ಹೆಜ್ಜೆಗೆ ಎರಡು ಪೆಟ್ಟು, ಶೇಷ ಒಂದು. ಆ ಒಂದನ್ನು ಕೊನೆಯ ಹೆಜ್ಜೆಗೆ ಕೊಟ್ಟರೆ ಎರಡು, ಎರಡು, ಮೂರು. ಮದುವೆ ಮನೆಯಲ್ಲಿ ಕುಣಿಯದ ಮಗು ನಮ್ಮೂರಲ್ಲಿ ಇಲ್ಲ. ಹಾಗಾಗಿ ಶೇಷ ಎಂದರೇನು ಎಂದು ಅವರ ಕಾಲುಗಳಿಗೆ ಮೊದಲೇ ಗೊತ್ತಿತ್ತು. ನನ್ನ ಅಂತಿಮ ಪರೀಕ್ಷೆಗೆ ಇದೇ ಪಾಠ ಎಂದು ತೀರ್ಮಾನವಾಯಿತು.

ತೀರ್ಮಾನಿಸಿದವರು ಗಾನೇವಾ ಮೇಡಂ. ತರಗತಿ ಅವರದು, ನನಗೆ ಮಾರ್ಗದರ್ಶಕಿಯೂ ಅವರೇ. ಜೂನ್‌ಗೆ ನಿವೃತ್ತಿ. ನಾನು ಪಾಸಾದರೆ ಸೆಪ್ಟೆಂಬರ್‌ನಿಂದ ಅವರ ಕುರ್ಚಿ ನನ್ನದು ಎಂದು ಮುಖ್ಯೋಪಾಧ್ಯಾಯರು ಮಾತು ಕೊಟ್ಟಿದ್ದರು. ಫೇಲಾದರೆ ಅದು ಇನ್ಯಾರದೋ, ನನಗೆ ಮತ್ತೆ ದಿನವಿಡೀ ಇಸ್ತ್ರಿ. ಪರೀಕ್ಷೆ ಎಂದರೆ ಎಲ್ಲರ ಮುಂದೆ ಒಂದು ಪಾಠ. ಹಿಂದಿನ ಸಾಲುಗಳಲ್ಲಿ ಪೋಷಕರು, ಅಂಕ ಹಾಕಲು ಕಾಲೇಜಿನಿಂದ ಕಿಸ್ಯೋವ್ ಸರ್. ಮಕ್ಕಳು ಆ ಪಾಠವನ್ನು ಅವತ್ತೇ ಮೊದಲ ಸಲ ಕೇಳಬೇಕು ಎಂಬುದು ನಿಯಮ. ಅದಕ್ಕೇ ನಾವು ಮೂರು ಸಲ ತಾಲೀಮು ಮಾಡಿದೆವು. ಎಲ್ಲರೂ ಮಾಡುತ್ತಾರೆ.

“ಎಲ್ಲಾ ಮಕ್ಳೂ ಸರಿ ಉತ್ರ ಹೇಳಿದ್ರೆ ಬಾಯಿಪಾಠ ಮಾಡ್ಸಿದೀವಿ ಅಂತ ಗೊತ್ತಾಗ್ಬಿಡತ್ತೆ ಕಣೆ ದಾಫಿನಾ,” ಅಂದರು ಗಾನೇವಾ. “ಒಬ್ಳಾದ್ರೂ ತಪ್ಪು ಹೇಳ್ಬೇಕು, ನೀನು ತಿದ್ಬೇಕು. ಆಗ ಪಾಠಕ್ಕೆ ಜೀವ ಬರತ್ತೆ.”

“ಯಾರ ಹತ್ರ ಹೇಳ್ಸೋದು?”

“ಇನ್ಯಾರು, ನೆವೆನಾ. ಒಂದನೇ ಕ್ಲಾಸಿಂದ್ಲೂ ಅವ್ಳೇ. ಅಳಲ್ಲ, ಹೇಳ್ಕೊಟ್ಟಿದ್ದು ಮರೆಯಲ್ಲ. ಬಂಗಾರದಂಥ ಹುಡುಗಿ.”

ಆ ಬಂಗಾರದಂಥ ಹುಡುಗಿ ತರಗತಿಯಲ್ಲಿ ಕೈ ಎತ್ತುವುದನ್ನೇ ಬಿಟ್ಟಿದ್ದನ್ನು ನಾನು ಮೊದಲ ವಾರವೇ ನೋಡಿದ್ದೆ. ಅವಳ ಲೆಕ್ಕದ ಪುಸ್ತಕದಲ್ಲಿ ಅಂಥ ತಪ್ಪುಗಳೇನೂ ಇರಲಿಲ್ಲ. ಆದರೆ ಮೂರು ವರ್ಷದಿಂದ ಪಾಠ ನೋಡಲು ಬಂದವರ ಮುಂದೆಲ್ಲ ತಪ್ಪು ಹೇಳಿ ಹೇಳಿ, ಅವಳು ಎದ್ದು ನಿಂತರೆ ಸಾಕು, ಉಳಿದವರು ಮುಸಿಮುಸಿ ನಗಲು ಸಿದ್ಧರಾಗುತ್ತಿದ್ದರು.

ಕೊನೆಯ ತಾಲೀಮಿನ ದಿನ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಟೀಚರ್, ಈ ಸಲ ನಮ್ಮಜ್ಜಿ ಬರ್ತಾಳೆ.”

“ಬರ್ಲಿ ಬಿಡು.”

“ಈ ಸಲ ಫಿಲಿಪ್ ತಪ್ಪು ಹೇಳ್ಲಿ, ನಾನ್ ತಿದ್ತೀನಿ. ಒಂದೇ ಒಂದ್ಸಲ.”

ನಾನು ಗಡಿಯಾರ ನೋಡುತ್ತಿದ್ದೆ. ಒಂದೂ ಇಪ್ಪತ್ತರ ಬಸ್ಸು ತಪ್ಪಿದರೆ ಕಾರ್ಖಾನೆಯಲ್ಲಿ ಮೇಸ್ತ್ರಿಣಿಯ ಕೊಂಕು ಮಾತು ಕೇಳಬೇಕು. ಬೆಳಗಿನಿಂದ ನಿಂತ ಕಾಲುಗಳು ಊದಿಕೊಂಡಿದ್ದವು, ರಾತ್ರಿ ಎಂಟರವರೆಗೆ ಇನ್ನೂ ನಿಲ್ಲಬೇಕಿತ್ತು. “ಮುಂದಿನ್ ಸಲ ನೋಡೋಣ ಪುಟ್ಟಿ,” ಅಂದೆ. ನನಗೆ ಮುಂದಿನ ಸಲವೇ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. “ಸರಿ ಟೀಚರ್,” ಅಂದು ಹೋದಳು. ಅವಳು ಹಟ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಬಸ್ಸಿನಲ್ಲಿ ಕೂತು ನನ್ನ ಮೇಲೆ ನನಗೇ ಅಸಹ್ಯವಾಯಿತು. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತು, ಅದಕ್ಕೂ ನಾಚಿಕೆಯಾಗುತ್ತದೆ.

ಪರೀಕ್ಷೆಯ ದಿನ ಹನ್ನೆರಡು ಮಂದಿ ಪೋಷಕರು ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಕೊನೆಯ ಸಾಲಿನಲ್ಲಿ ನೆವೆನಾಳ ಅಜ್ಜಿ, ಮಡಿಕೆಯ ಗೆರೆ ಇನ್ನೂ ಹೋಗದ ಹೊಸ ತಲೆವಸ್ತ್ರ ಕಟ್ಟಿಕೊಂಡು. ಕಿಸ್ಯೋವ್ ಸರ್ ಕಿಟಕಿಯ ಪಕ್ಕ ಕೂತು ಕೆಮ್ಮುತ್ತಿದ್ದರು. ಅವರಿಗೆ ಆ ವಾರ ಅದು ಒಂಬತ್ತನೇ ಪಾಠವಂತೆ, ಕಣ್ಣೇ ಹೇಳುತ್ತಿತ್ತು.

ಪಾಠ ಎಣ್ಣೆ ಹಾಕಿದ ಹಾಗೆ ಸಾಗಿತು. ಏಳು ಚಪ್ಪಾಳೆ ಹೊಡೆಸಿದೆ. ಮೂರು ಹೆಜ್ಜೆ ಹಾಕಿಸಿದೆ. ಹೆಜ್ಜೆಗೆ ಎರಡೆರಡು ಹಂಚಿಸಿದೆ. ಹಲಗೆಯ ಮೇಲೆ ಒಂದು ಕೆಂಪು ಚುಕ್ಕಿ ಉಳಿಯಿತು.

“ಈ ಒಂದನ್ನ ಏನ್ ಮಾಡೋಣ? ನೆವೆನಾ, ನೀನು ಹೇಳು.”

ಅವಳು ಎದ್ದಳು. ನನ್ನನ್ನಾಗಲಿ ಅಜ್ಜಿಯನ್ನಾಗಲಿ ನೋಡಲಿಲ್ಲ. “ಉಳಿದಿದ್ದನ್ನ ಬಿಸಾಕೋಣ ಟೀಚರ್,” ಅಂದಳು, ಒಂದಕ್ಷರ ಬಿಡದೆ.

ಮಕ್ಕಳು ಗೊಳ್ಳೆಂದು ನಕ್ಕರು. ಯಾರದೋ ಅಪ್ಪನೂ ನಕ್ಕ. ಅಜ್ಜಿ ತಲೆವಸ್ತ್ರದ ಗಂಟನ್ನು ಸರಿಮಾಡಿಕೊಂಡು ತನ್ನ ಮಡಿಲು ನೋಡತೊಡಗಿದಳು. ಈಗ ನಾನು, ‘ನೆವೆನಾ ತಪ್ಪು ಹೇಳಿದ್ಲು, ಯಾರು ತಿದ್ತೀರಾ?’ ಎಂದು ಕೇಳಬೇಕಿತ್ತು. ನಾನು ಕೇಳುವ ಮೊದಲೇ ಫಿಲಿಪ್ ಕೈ ಎತ್ತಿಯಾಗಿತ್ತು. ನಾನು ಆ ಪ್ರಶ್ನೆ ಕೇಳದೆ ನೆವೆನಾಳ ಕಡೆಗೇ ತಿರುಗಿದೆ. ಧೈರ್ಯ ಬಂತು ಎಂದು ಹೇಳಿಕೊಳ್ಳಲಾರೆ. ಇನ್ನೊಂದು ಸುಳ್ಳು ಎತ್ತಿಕೊಳ್ಳುವ ಶಕ್ತಿ ಇರಲಿಲ್ಲ, ಅಷ್ಟೇ.

“ನೆವೆನಾ, ಅದು ನಿನ್ನ ಉತ್ರಾನಾ?”

ಅವಳು ಗಾನೇವಾ ಅವರತ್ತ ನೋಡಿದಳು. ಆಮೇಲೆ ನನ್ನತ್ತ. “ಅಲ್ಲ ಟೀಚರ್. ನೀವು ಹೇಳ್ಕೊಟ್ಟಿದ್ದು.”

ಕಿಸ್ಯೋವ್ ಸರ್ ಪೆನ್ನು ನಿಂತಿತು.

“ಹಂಗಾದ್ರೆ ನಿಂದು ಹೇಳು.”

“ಮೊದಲ್ನೇ ಹೆಜ್ಜೆಗೆ ಕೊಡ್ತೀನಿ.”

“ತಪ್ಪು! ಕೊನೇದಕ್ಕೆ ಕೊಡ್ಬೇಕು!” ಫಿಲಿಪ್ ಕಿರುಚಿದ.

“ನಮ್ಮಜ್ಜಿ ಊರಲ್ಲಿ ಮೊದ್ಲೇ ಕೊಡ್ತಾರೆ ಕಣೋ, ಪಿರಿನ್ ಬೆಟ್ಟದ ಕಡೆ. ಹಿಂಗೆ.” ಅವಳು ಬೆಂಚಿನ ಸಂದಿಯಿಂದ ಈಚೆ ಬಂದು ಚಪ್ಪಾಳೆ ಹೊಡೆದಳು. ಮೂರು, ಎರಡು, ಎರಡು. ಮೊದಲ ಹೆಜ್ಜೆಯನ್ನು ಹಿಡಿದು ನಿಲ್ಲಿಸಿ, ಉಳಿದೆರಡನ್ನು ಬೇಗ ಬೇಗ ಇಟ್ಟಳು. ಹಿಂದಿನಿಂದ ಇನ್ನೊಂದು ಜೋಡಿ ಕೈ ಚಪ್ಪಾಳೆ ಹೊಡೆಯಿತು. ಅಜ್ಜಿ ಎದ್ದು ನಿಂತಿದ್ದಳು. “ಭುಜ ನೆಟ್ಟಗಿಟ್ಕೊಳ್ಳೇ, ಗೂನು ಬೀಳ್ಬೇಡ!” ಎಂದು ಗದರಿದಳು. ಮಕ್ಕಳು ಒಬ್ಬೊಬ್ಬರಾಗಿ ಕೈ ಕೈ ಹಿಡಿದು ನೆವೆನಾಳ ಹಿಂದೆ ಸೇರಿದರು. ಫಿಲಿಪ್ ಎರಡು ಸಲ ಎಡವಿ ಮೂರನೆಯ ಸಲ ಹೆಜ್ಜೆ ಹಿಡಿದ. ನಾನು ಹಲಗೆಯ ಮೇಲೆ ಎರಡು ಲೆಕ್ಕವನ್ನೂ ಬರೆದೆ. ಶೇಷ ಎರಡರಲ್ಲೂ ಒಂದೇ, ಕೊಟ್ಟ ಜಾಗ ಮಾತ್ರ ಬೇರೆ. ಆಮೇಲೆ ಸಾಲಿನ ಕೊನೆಯಲ್ಲಿ ಸೇರಿಕೊಂಡೆ. ಕಾಲು ನೋಯುತ್ತಲೇ ಇತ್ತು.

ಪಾಠ ಮುಗಿದ ಮೇಲೆ ಕಿಸ್ಯೋವ್ ಸರ್ ನನ್ನನ್ನು ಮೊಗಸಾಲೆಗೆ ಕರೆದರು.

“ಕೊನೇ ಹತ್ತು ನಿಮಿಷ ನೋಡಿದ್ನಲ್ಲ, ಅಂಥದ್ದು ನೋಡಿ ಎಷ್ಟೋ ವರ್ಷ ಆಗಿತ್ತು,” ಅಂದರು. ಹಾಳೆ ತೋರಿಸಿದರು. ಆರಕ್ಕೆ ಎರಡು. ಮೂರು ಬಂದಿದ್ದರೆ ಪಾಸು.

“ಎಲ್ರೂ ಹೇಳ್ಕೊಡ್ತಾರೆ, ಸರ್.”

“ನಂಗೊತ್ತಿಲ್ವೇನಮ್ಮಾ? ಆದ್ರೆ ಯಾರೂ ಅದನ್ನ ನನ್ನ ಮುಂದೆ ಹೇಳಿರ್ಲಿಲ್ಲ. ಹನ್ನೆರಡು ಜನ ಕೇಳಿಸ್ಕೊಂಡಿದಾರೆ. ನಾನೊಬ್ನೇ ಕಿವುಡ ಆಗಕ್ಕಾಗತ್ತಾ?” ಅವರು ಕೆಮ್ಮುತ್ತಾ ಮೆಟ್ಟಿಲಿಳಿದು ಹೋದರು. ಮುಂದಿನ ವರ್ಷ ಮತ್ತೆ ಕೂರಬಹುದಂತೆ.

ಗಾನೇವಾ ಮೇಡಂ ಕನ್ನಡಕ ಒರೆಸುತ್ತಿದ್ದರು. “ಮೂವತ್ತೆಂಟು ವರ್ಷದಲ್ಲಿ ನನ್ನ ಮಾನ ಯಾರೂ ಹಿಂಗೆ ಕಳೆದಿರ್ಲಿಲ್ಲ ದಾಫಿನಾ,” ಅಂದರು. ನನ್ನನ್ನು ಪಾಸು ಮಾಡಿಸಲೆಂದೇ ತಾನೇ ಆಕೆಯೂ ಒದ್ದಾಡಿದ್ದು.

ಗೇಟಿನ ಹತ್ತಿರ ನೆವೆನಾ ಮತ್ತು ಅಜ್ಜಿ ನಿಂತಿದ್ದರು. ಅಜ್ಜಿ ಕಾಗದದಲ್ಲಿ ಸುತ್ತಿದ ಬಾನಿತ್ಸಾ ತುಂಡೊಂದನ್ನು ನನ್ನ ಕೈಗೆ ತುರುಕಿದಳು. ಹಿಟ್ಟಿನ ಪದರಗಳ ನಡುವೆ ಚೀಸ್ ಹಾಕಿ ಬೇಯಿಸಿದ್ದು, ಇನ್ನೂ ಬೆಚ್ಚಗಿತ್ತು.

“ಪಾಸಾದ್ರಾ ಟೀಚರ್?” ಕೇಳಿದಳು ಹುಡುಗಿ.

ಸುಳ್ಳು ಹೇಳಬಹುದಿತ್ತು. “ಇಲ್ಲ ಪುಟ್ಟಿ.”

ಅವಳ ಮುಖ ಸಣ್ಣಗಾಯಿತು. “ನಾನು ಹೇಳ್ಬಾರ್ದಿತ್ತಾ?”

“ನಾನ್ ಕೇಳ್ದೆ, ನೀನ್ ಹೇಳ್ದೆ. ಸರಿಯಾಗೇ ಹೇಳ್ದೆ.”

ಅವಳು ಬೂಟಿನ ತುದಿಯಿಂದ ನೆಲ ಕೆದಕಿದಳು. ಆಮೇಲೆ ಅಜ್ಜಿಗೆ ಕೇಳಿಸದ ಹಾಗೆ ನನ್ನ ತೋಳು ಜಗ್ಗಿ, “ಮುಂದಿನ್ ವರ್ಷಾನೂ ನಮ್ ಕ್ಲಾಸಿಗೇ ಬನ್ನಿ ಟೀಚರ್,” ಅಂದಳು. “ಬೇಕಿದ್ರೆ ನಾನೇ ತಪ್ಪು ಹೇಳ್ತೀನಿ. ಆಗ ನೀವು ಏನೂ ಕೇಳ್ಬೇಡಿ.”

ನನಗೆ ಅಳು ಒತ್ತರಿಸಿಕೊಂಡು ಬಂತು. ಚೀಲ ಕೆಳಗಿಟ್ಟು ಅವಳ ಎರಡೂ ಕೈ ಹಿಡಿದುಕೊಂಡೆ. “ಬೇಡ ಕಣೆ,” ಅಂದೆ. “ಬೇಡ. ಯಾರ್ ಕೇಳಿದ್ರೂ ಹೇಳ್ಬೇಡ. ನಾನ್ ಕೇಳಿದ್ರೂ.”

ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು. ಒಂದೂ ಇಪ್ಪತ್ತರ ಬಸ್ಸು ಬಂತು. ಬಾನಿತ್ಸಾ ತಿನ್ನುತ್ತಾ ನಿಂತೇ ಹೋದೆ, ಎರಡಕ್ಕೆ ಕಾರ್ಖಾನೆಯಲ್ಲಿದ್ದೆ.